ತಕ್ಕಡಿಯ ಮುಳ್ಳು ನಿಂತಾಗ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇಷ್ಟಲಿಂಗಪೂಜೆಯ ಕ್ರಮವನ್ನು ಕೇಳುವವು ಹೆಚ್ಚು. ಮಗುವಿಗಿಡಲು ಶರಣ ಶರಣೆಯರ ಹೆಸರುಗಳನ್ನು ಕೇಳುವವು ಅನಂತರದವು. ಈಚೆಗೆ ಶರೀರದ ತೂಕವನ್ನು ಕುರಿತ ಪತ್ರಗಳೂ ಬರತೊಡಗಿವೆ. ಮಠದಲ್ಲಿ ವ್ಯಾಕರಣ, ತರ್ಕ, ವಚನಶಾಸ್ತ್ರಗಳನ್ನು ಓದಿದವರನ್ನು ಇಂಥ ಪ್ರಶ್ನೆ ಕೇಳುವುದೇಕೆಂದು ಕೆಲವರು ಹುಬ್ಬೇರಿಸಬಹುದು. ಪತ್ರಗಳನ್ನು ಓದಿದರೆ ಕಾರಣ ತಿಳಿಯುತ್ತದೆ. ತೂಕದ ಪ್ರಶ್ನೆ ಬಹು ಬೇಗನೆ ಉಪವಾಸದ ಪ್ರಶ್ನೆಯಾಗುತ್ತದೆ, ಪ್ರಸಾದದ ಪ್ರಶ್ನೆಯಾಗುತ್ತದೆ, ಕೊನೆಗೆ ತನ್ನ ಮನಸ್ಸೇ ದುರ್ಬಲವೆಂಬ ಸಂಕಟವಾಗುತ್ತದೆ.

ಬಾಗಲಕೋಟೆಯ ಕಡೆಯ ತಾಯಿಯೊಬ್ಬರು ಬರೆದಿರುವ ಪತ್ರ ನಮ್ಮ ಮುಂದಿದೆ. ವಯಸ್ಸು ನಲವತ್ತೆರಡು. ರಕ್ತದ ಸಕ್ಕರೆ ಅಂಚಿಗೆ ಬಂದಿದೆಯೆಂದು ವೈದ್ಯರು ಎಚ್ಚರಿಸಿದಾಗ ಅವರ ತೂಕ 78 ಕಿಲೊ ಇದ್ದಿತು. ಸಂಜೆಯ ಕರಿದ ತಿಂಡಿಯನ್ನು ಬಿಟ್ಟರು, ಮಧ್ಯಾಹ್ನದ ಅನ್ನವನ್ನು ಅರ್ಧಕ್ಕಿಳಿಸಿದರು, ನಿತ್ಯ ಮುಕ್ಕಾಲು ಗಂಟೆ ನಡೆದರು. ಐದು ತಿಂಗಳಲ್ಲಿ 70 ಕಿಲೊಗೆ ಬಂದರು. ಆಮೇಲೆ ಎರಡೂವರೆ ತಿಂಗಳಾದರೂ ಮುಳ್ಳು ಕಾಲು ಕಿಲೊದಷ್ಟೂ ಸರಿದಿಲ್ಲ. ಮನೆಯವರು 'ಗುಟ್ಟಾಗಿ ತಿನ್ನುತ್ತೀಯೇನೋ' ಎಂದು ನಗೆಯಾಡುತ್ತಾರಂತೆ. ಈಗ ರಾತ್ರಿಯ ಊಟವನ್ನು ಪೂರ್ತಿ ಬಿಟ್ಟು, ಸೋಮವಾರ ಗುರುವಾರಗಳಂದು ನಿರಾಹಾರವಿರಲು ನಿಶ್ಚಯಿಸಿರುವುದಾಗಿಯೂ ಅದಕ್ಕೆ ನಮ್ಮ ಸಮ್ಮತಿ ಬೇಕೆಂದೂ ಕೇಳಿದ್ದಾರೆ. ಪತ್ರದ ಕೊನೆಗೆ ಇನ್ನೊಂದು ಪ್ರಶ್ನೆ: ತೂಕವೇನೋ ಇಳಿಯಿತು, ಆದರೆ ತೋಳು ಹೊಟ್ಟೆಗಳು ಜೋಲುಬಿದ್ದಿವೆ, ಕಾಲೇಜಿಗೆ ಹೋಗುವ ಮಗಳು 'ಟೋನಿಂಗ್ ಮಾಡಬೇಕು' ಎನ್ನುತ್ತಾಳೆ, ಅದೇನು?

ಸಮ್ಮತಿಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಸಮ್ಮತಿ ಇಲ್ಲ. ಹಾಗೆನ್ನುವುದಕ್ಕೆ ಕಾರಣವನ್ನು ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಮುಳ್ಳು ನಿಂತಾಗ ತಾನು ಸೋತೆನೆಂದು ತಿಳಿದು ಕಾಯವನ್ನು ದಂಡಿಸಹೊರಡುವವರು ಈ ತಾಯಿಯೊಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಅವರಲ್ಲಿ ತೂಕ ಇಳಿಸಲು ಹೊರಟವರೆಲ್ಲರೂ ಇಂದಲ್ಲ ನಾಳೆ ಈ ಮೆಟ್ಟಿಲಿಗೆ ಬಂದು ನಿಲ್ಲುವವರೇ.

ನಿಂತ ತೂಕವೆಂದರೆ ಏನು? ಅದು ಆಯ ವ್ಯಯಗಳು ಸರಿದೂಗಿದ ಸ್ಥಿತಿ. ಹಿಂದೆ 78 ಕಿಲೊ ಹೊತ್ತು ನಡೆಯುತ್ತಿದ್ದ ಕಾಯವು ಈಗ 70 ಕಿಲೊ ಹೊತ್ತು ನಡೆಯುತ್ತದೆ. ಎಂಟು ಕಿಲೊ ಎಂದರೆ ಎಂಟು ಲೀಟರು ನೀರು ತುಂಬಿದ ಕೊಡ. ಆ ಕೊಡವನ್ನು ಹಗಲಿರುಳು ಸೊಂಟದ ಮೇಲಿಟ್ಟುಕೊಂಡು ಅಡಿಗೆ ಮಾಡಿದ್ದು, ಮೆಟ್ಟಿಲೇರಿದ್ದು, ನಿದ್ರಿಸಿದ್ದು ಎಂದು ಭಾವಿಸಿರಿ. ಅದನ್ನು ಇಳಿಸಿದ ಮೇಲೆ ಅದೇ ಮುಕ್ಕಾಲು ಗಂಟೆಯ ನಡಿಗೆಗೆ ಹತ್ತರಲ್ಲೊಂದು ಭಾಗ ಕಡಿಮೆ ಶಕ್ತಿ ಸಾಕಾಗುತ್ತದೆ. ಊಟ ಕಡಿಮೆಯಾದುದರಿಂದ ಜೀರ್ಣಿಸುವ ಖರ್ಚೂ ಕಡಿಮೆ. ಇಷ್ಟೇ ಅಲ್ಲದೆ, ನಮಗರಿವಿಲ್ಲದೆಯೇ ನಾವು ಕಡಿಮೆ ಚಲಿಸತೊಡಗುತ್ತೇವೆ: ಎದ್ದು ಹೋಗಿ ತರುವುದನ್ನು ಮಗುವಿಗೆ ಹೇಳಿ ತರಿಸುತ್ತೇವೆ, ನಿಂತು ಮಾಡುವುದನ್ನು ಕುಳಿತು ಮಾಡುತ್ತೇವೆ. ಲೆಕ್ಕ ಬಲ್ಲವರ ಅಂದಾಜಿನಂತೆ ಇಳಿದ ಪ್ರತಿ ಕಿಲೊಗೆ ದಿನದ ಖರ್ಚಿನಲ್ಲಿ ಸುಮಾರು 25 ಕ್ಯಾಲೊರಿ ತಗ್ಗುತ್ತದೆ. ಎಂಟು ಕಿಲೊಗೆ 200. ಹಾಗಾದರೆ 78 ಕಿಲೊ ಇದ್ದಾಗ ತೂಕ ಇಳಿಸುತ್ತಿದ್ದ ಊಟವೇ 70ಕ್ಕೆ ಬಂದಾಗ ತೂಕ ಕಾಯುವ ಊಟವಾಗುತ್ತ ಬರುತ್ತದೆ. ಇದರಲ್ಲಿ ಪಾಪವೂ ಇಲ್ಲ, ಗುಟ್ಟೂ ಇಲ್ಲ.

ಮೊದಮೊದಲು ಬೇಗ ಇಳಿದದ್ದಕ್ಕೂ ಒಂದು ಕಾರಣವುಂಟು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಪಿಷ್ಟವು ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದ ಮೊದಲ ವಾರಗಳಲ್ಲಿ ಆ ಪಿಷ್ಟ ಕರಗಿ ನೀರೂ ಹೊರಬೀಳುತ್ತದೆ. ತಕ್ಕಡಿ ಅದನ್ನೆಲ್ಲ ಕೊಬ್ಬೆಂದೇ ತೋರಿಸಿ ನಮ್ಮನ್ನು ಹಿಗ್ಗಿಸುತ್ತದೆ. ಅನಂತರದ ನಿಧಾನಗತಿಯೇ ನಿಜವಾದ ಗತಿ.

ಹಾಗಾದರೆ ಇನ್ನಷ್ಟು ಕಡಿತ ಮಾಡಿದರಾಯಿತಲ್ಲ ಎಂಬುದು ಸಹಜವಾದ ಆಲೋಚನೆ. ಇದಕ್ಕೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ 1944-45ರಲ್ಲಿ ನಡೆದ ಪ್ರಯೋಗವೇ ಉತ್ತರ. ಯುದ್ಧದಿಂದ ಹಸಿದ ಯುರೋಪಿನ ಜನರಿಗೆ ಹೇಗೆ ಮರಳಿ ಅನ್ನವಿಡಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು ಆರಿಸಿಕೊಂಡರು. ಅವರೆಲ್ಲ ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದವರು, ಸ್ವಯಂಸೇವಕರಾಗಿ ಬಂದವರು. ಇಪ್ಪತ್ತನಾಲ್ಕು ವಾರಗಳ ಕಾಲ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿಯ ಊಟ. ವಾರಕ್ಕೆ ಮೂವತ್ತೈದು ಕಿಲೊಮೀಟರಿನಷ್ಟು ನಡಿಗೆ. ದೇಹದ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಹೋಯಿತು. ಕೊನೆಯ ವಾರಗಳಲ್ಲಿ ಅದೂ ಬಹುಮಟ್ಟಿಗೆ ನಿಂತಿತು. ವಿಶ್ರಾಂತಿಯಲ್ಲಿ ದೇಹ ಮಾಡುವ ಖರ್ಚು ನೂರಕ್ಕೆ 40ರಷ್ಟು ತಗ್ಗಿತ್ತು. ಅವರಿಗೆ ಸದಾ ಚಳಿ, ಕಾಲುಬಾವು, ಖಿನ್ನತೆ. ಅಡಿಗೆಯ ಪುಸ್ತಕಗಳನ್ನು ಹಗಲೆಲ್ಲ ಓದುವ ಗೀಳು. ಇಂದು ನಮ್ಮ ಪೇಟೆಗಳಲ್ಲಿ ತೂಕ ಇಳಿಸುವ ಚೀಟಿಗಳನ್ನು ಬರೆದುಕೊಡುವ ಕೆಲವರು 1,000 ಕ್ಯಾಲೊರಿಯ ಪಥ್ಯವನ್ನು ಸುಲಭವಾಗಿ ಬರೆದುಬಿಡುತ್ತಾರೆ. ಮಿನೆಸೋಟದ ಹೊತ್ತಗೆ 1950ರಲ್ಲಿಯೇ ಅಚ್ಚಾಗಿದೆ. ಅದರ ಸಾರಾಂಶವನ್ನಾದರೂ ಅವರು ಓದಿದ್ದರೆ ಒಳ್ಳೆಯದಿತ್ತು. ಅಮೆರಿಕದ ಒಂದು ದೂರದರ್ಶನ ಸ್ಪರ್ಧೆಯಲ್ಲಿ ವಿಪರೀತವಾಗಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ವರದಿ 2016ರಲ್ಲಿ ಪ್ರಕಟವಾಯಿತು. ಕಳೆದುಕೊಂಡ ತೂಕದ ಬಹುಭಾಗ ಮರಳಿತ್ತು. ಆದರೂ ಅವರ ದೇಹ, ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯನ್ನೇ ವ್ಯಯಿಸುತ್ತಿತ್ತು. ದೇಹ ಬರಗಾಲವನ್ನು ಮರೆಯುವುದಿಲ್ಲ.

ಖರ್ಚು ತಗ್ಗುವುದಕ್ಕಿಂತಲೂ ಬಲವಾದುದು ಹಸಿವು. ಅದೇ 2016ರಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಒಂದು ಜಾಣತನದ ಲೆಕ್ಕವನ್ನು ಪ್ರಕಟಿಸಿದರು. ಮಧುಮೇಹಕ್ಕೆ ಕೊಡುವ ಒಂದು ಬಗೆಯ ಗುಳಿಗೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಒಂದು ವರ್ಷ ಅದನ್ನು ಸೇವಿಸಿದವರಿಗೆ ತಮ್ಮಿಂದ ನಿತ್ಯ ಇಷ್ಟು ಶಕ್ತಿ ಸೋರುತ್ತಿದೆಯೆಂಬ ಅರಿವಿರಲಿಲ್ಲ. ಊಟ ಕಡಿಮೆ ಮಾಡಬೇಕೆಂಬ ಸಂಕಲ್ಪವೂ ಇರಲಿಲ್ಲ. ತೂಕ ಇಳಿದಂತೆ ಅವರು ತಮಗೇ ತಿಳಿಯದೆ ಹೆಚ್ಚು ಉಣ್ಣತೊಡಗಿದರು: ಇಳಿದ ಪ್ರತಿ ಕಿಲೊಗೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು. ಖರ್ಚು ತಗ್ಗುವುದು 25, ಹಸಿವು ಏರುವುದು 100. ಎಂಟು ಕಿಲೊ ಇಳಿಸಿದ ತಾಯಿಯ ಹಸಿವು ಅವರನ್ನು ದಿನವೂ 800 ಕ್ಯಾಲೊರಿಯಷ್ಟು ಬಲದಿಂದ ಅಡಿಗೆಮನೆಯ ಕಡೆಗೆ ಎಳೆಯುತ್ತಿದೆ ಎಂದಾಯಿತು. ಈ ಎಳೆತದ ನಡುವೆಯೂ ಎರಡೂವರೆ ತಿಂಗಳು ತೂಕ ಏರದಂತೆ ನಿಂತದ್ದು ದೌರ್ಬಲ್ಯವೋ, ನಿಷ್ಠೆಯೋ? ಮನೆಯವರು ನಗೆಯಾಡುವ ಮೊದಲು ಇದನ್ನು ಯೋಚಿಸಬೇಕು.

ಹೀಗೆಂದ ಮೇಲೂ ಒಂದು ಕಹಿಯಾದ ಸಂಗತಿಯನ್ನು ಮುಚ್ಚಿಡಲಾಗದು. ತಾವು ಬಹಳ ಕಡಿಮೆ ಉಂಡರೂ ಇಳಿಯುತ್ತಿಲ್ಲವೆಂದು ಹೇಳುತ್ತಿದ್ದ ಹತ್ತು ಮಂದಿಯನ್ನು ನ್ಯೂಯಾರ್ಕಿನಲ್ಲಿ ಸೂಕ್ಷ್ಮ ವಿಧಾನದಿಂದ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ಅವರು ಬರೆದಿಟ್ಟ ಊಟದ ಲೆಕ್ಕ ನಿಜವಾದ ಊಟಕ್ಕಿಂತ ನೂರಕ್ಕೆ 47ರಷ್ಟು ಕಡಿಮೆಯಿತ್ತು. ಬರೆದಿಟ್ಟ ಶ್ರಮದ ಲೆಕ್ಕ ನಿಜಕ್ಕಿಂತ 51ರಷ್ಟು ಹೆಚ್ಚಾಗಿತ್ತು. ಅವರು ಸುಳ್ಳು ಹೇಳಿದರೆಂದು ತಿಳಿಯಬಾರದು. ಮನುಷ್ಯನ ನೆನಪು ತಟ್ಟೆಯನ್ನು ನೆನಪಿಡುತ್ತದೆ. ಒಲೆಯ ಮುಂದೆ ನಿಂತು ಬಾಯಿಗೆ ಹಾಕಿಕೊಂಡದ್ದನ್ನು ನೆನಪಿಡುವುದಿಲ್ಲ.

ಇಲ್ಲಿಗೆ ನಮ್ಮ ಮನೆಗಳ ವಿಷಯಕ್ಕೆ ಬಂದೆವು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಲಿಂಗಾರ್ಪಿತವಾದ ಪದಾರ್ಥವು ಪ್ರಸಾದವಾಗುತ್ತದೆ, ಅದನ್ನು ಚೆಲ್ಲುವಂತಿಲ್ಲ. ತಟ್ಟೆಯನ್ನು ತೊಳೆದು ಆ ನೀರನ್ನೂ ಸೇವಿಸುವ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಇದು ಶ್ರೇಷ್ಠವಾದ ಆಚಾರ. ಆದರೆ ಬಹುಪಾಲು ಮನೆಗಳಲ್ಲಿ ಈ ಆಚಾರದ ಹೊರೆಯೆಲ್ಲ ಮನೆಯೊಡತಿಯ ಹೊಟ್ಟೆಯ ಮೇಲೆ ಬಿದ್ದಿದೆ. ಮಕ್ಕಳು ಬಿಟ್ಟ ಅರ್ಧ ರೊಟ್ಟಿ, ಪಾತ್ರೆಯ ತಳದಲ್ಲುಳಿದ ಎರಡು ಸವುಟು ಅನ್ನ, ಕೆನೆಗಟ್ಟಿದ ಹಾಲು, ನಾಳೆಗೆ ಹಳಸುವ ಪಲ್ಯ ಇವೆಲ್ಲ ಕೊನೆಗೆ ಉಣ್ಣುವವಳ ಪಾಲು. ಚೆಲ್ಲಿದರೆ ದೋಷವೆಂಬ ಭಯ, ಇಟ್ಟರೆ ಕೆಡುತ್ತದೆಂಬ ಚಿಂತೆ. ತನ್ನ ತಟ್ಟೆಗೆ ಅವಳು ಬಡಿಸಿಕೊಂಡದ್ದು ಎರಡೇ ರೊಟ್ಟಿ. ಪತ್ರದಲ್ಲಿ ಬರೆಯುವುದೂ ಎರಡೇ ರೊಟ್ಟಿ. ನಾಲ್ವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಸುಮಾರು 135 ಕ್ಯಾಲೊರಿ. ಒಂದೂವರೆ ರೊಟ್ಟಿಯಷ್ಟು ಉಳಿಕೆ ದಿನವೂ ಹೊಟ್ಟೆಗೆ ಹೋದರೆ ಮೇಲೆ ಹೇಳಿದ 200 ಕ್ಯಾಲೊರಿ ಅಲ್ಲಿಗೇ ಸರಿಹೋಯಿತು.

ಪ್ರಸಾದದ ನಿಯಮವು ಹೇಳುವುದು 'ಉಳಿದುದನ್ನು ತಿನ್ನು' ಎಂದಲ್ಲ, 'ಉಳಿಯುವಷ್ಟನ್ನು ಪಡೆಯಬೇಡ' ಎಂದು. ನಿಯಮದ ಹೊಣೆ ನೀಡಿಸಿಕೊಳ್ಳುವವನ ಮೇಲಿದೆ. ಆಯ್ದಕ್ಕಿ ಮಾರಯ್ಯನವರ ಪ್ರಸಂಗ ಎಲ್ಲರಿಗೂ ತಿಳಿದದ್ದು. ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು, ಇದು ನಮಗೆ ಸಲ್ಲದೆಂದು ಲಕ್ಕಮ್ಮನವರು ಮರಳಿ ಕಳಿಸಿದರು. ಆ ತಾಯಿ, ತಂದುದಾಯಿತಲ್ಲ, ಅಟ್ಟು ಉಂಡುಬಿಡೋಣ ಎನ್ನಲಿಲ್ಲ. ಅಳತೆಯನ್ನು ಒಲೆಗೆ ಇಡುವ ಮೊದಲೇ ನೋಡಿದರು. ನಮ್ಮ ಮನೆಗಳಲ್ಲಿಯೂ ಅಳತೆ ಹಿಟ್ಟಿನ ಡಬ್ಬಿಯ ಬಳಿ ಆಗಬೇಕು, ಊಟ ಮುಗಿದ ಮೇಲೆ ಅಲ್ಲ. ಮಕ್ಕಳಿಗೆ ಅರ್ಧರ್ಧ ರೊಟ್ಟಿಯಾಗಿ ನೀಡಲಿ, ಬೇಕಾದರೆ ಮತ್ತೆ ಕೇಳಲಿ. ಬಿಟ್ಟ ರೊಟ್ಟಿಯನ್ನು ಬಿಟ್ಟವರೇ ಸಂಜೆಗೆ ಉಣ್ಣಲಿ. ಅದು ಮಗನಾದರೂ ಸರಿ, ಮನೆಯ ಯಜಮಾನನಾದರೂ ಸರಿ. ಕಟಿರೊಟ್ಟಿಯಾದರೆ ವಾರಗಟ್ಟಲೆ ಕೆಡದು. ಇಷ್ಟಾಗಿಯೂ ಉಳಿದರೆ ಅದಕ್ಕೆ ದಾಸೋಹದ ದಾರಿಯಿದೆ, ಹಟ್ಟಿಯ ದನಕರುಗಳಿವೆ. ಮನೆಯೊಡತಿಯ ಉದರವನ್ನು ಉಳಿಕೆಯ ಪಾತ್ರೆಯಾಗಿಸಿ ಅದಕ್ಕೆ ಪ್ರಸಾದದ ಹೆಸರಿಡುವುದು ಪ್ರಸಾದಕ್ಕೇ ಅಪಚಾರವೆಂದು ನಾವು ತಿಳಿಯುತ್ತೇವೆ.

ಆದುದರಿಂದ ಮುಳ್ಳು ನಿಂತವರು ಮಾಡಬೇಕಾದ ಮೊದಲ ಕೆಲಸ ಊಟ ಬಿಡುವುದಲ್ಲ, ಅಳೆಯುವುದು. ಎರಡು ವಾರ ಸಾಕು. ನಿಂತು ತಿಂದದ್ದು, ರುಚಿ ನೋಡಿದ್ದು, ನೆಂಟರ ಮನೆಯ ಚಹ ಎಲ್ಲವನ್ನೂ ತಿಂದ ಕ್ಷಣದಲ್ಲಿಯೇ ಬರೆಯಬೇಕು. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ. ಒಗ್ಗರಣೆಗೆ ಎಣ್ಣೆಯನ್ನು ಸೀಸೆಯಿಂದ ಸುರಿಯುವವರು ಚಮಚದಿಂದ ಅಳೆದು ನೋಡಿದರೆ ಬೆರಗಾಗುತ್ತಾರೆ. ಎರಡು ಚಮಚೆ ಸಕ್ಕರೆಯ ಚಹ ದಿನಕ್ಕೆ ಐದು ಲೋಟವಾದರೆ ಸಕ್ಕರೆಯೊಂದರಿಂದಲೇ 200. ಮುಷ್ಟಿ ಶೇಂಗಾ ಎಂದು ಬಾಯಿಗೆಸೆದುಕೊಳ್ಳುವ ಮೂವತ್ತು ಗ್ರಾಂಗೆ 170. ಶೇಂಗಾ ಹಿಂಡಿಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಉತ್ತರ ಕರ್ನಾಟಕದವರಿಗೆ ಹಾಗೆ ಹೇಳಿದರೆ ಪತ್ರಿಕೆಯ ಚಂದಾ ನಿಂತೀತು. ಚಮಚೆಯ ಲೆಕ್ಕ ಇರಲಿ ಎಂದಷ್ಟೇ.

ಎರಡನೆಯದು, ಹಸಿವನ್ನು ಗೌರವಿಸುವ ಊಟ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಅತಿಸ್ಥೂಲರನ್ನೂ ಅತಿಕೃಶರನ್ನೂ ಕುರಿತದ್ದು. ಸ್ಥೂಲನಿಗೆ ಹೊಟ್ಟೆಯಲ್ಲಿ ಗುರುವಾಗಿ ನಿಲ್ಲುವ, ಆದರೆ ಮೈಗೆ ಹೆಚ್ಚು ಪುಷ್ಟಿ ಹತ್ತದ ಆಹಾರವನ್ನು ಕೊಡಬೇಕೆಂದು ಆಚಾರ್ಯರು ವಿಧಿಸುತ್ತಾರೆ. ಹೊಟ್ಟೆ ತುಂಬಬೇಕು, ಬೊಜ್ಜು ತುಂಬಬಾರದು. ಅವನ ಜಠರಾಗ್ನಿ ತೀಕ್ಷ್ಣವಾಗಿರುತ್ತದೆ, ಅದನ್ನು ಬರಿದಾಗಿಟ್ಟರೆ ಕೇಡೆಂಬುದೂ ಅಲ್ಲಿಯ ಅಭಿಪ್ರಾಯ. ಈ ಮಾತಿಗೆ ನಮ್ಮ ಕಡೆಯ ಅಡಿಗೆಗಿಂತ ಒಳ್ಳೆಯ ಉದಾಹರಣೆ ಬೇರಿಲ್ಲ: ಪುಂಡಿಪಲ್ಯ, ಮೆಂತೆಪಲ್ಯ, ಹಸಿ ಗಜ್ಜರಿ, ಸೌತೆ, ಮೊಳಕೆ ಬರಿಸಿದ ಮಡಕಿಕಾಳು, ಹೆಸರುಕಾಳು, ಹುರುಳಿ, ಕಡೆದ ಮಜ್ಜಿಗೆ.

ಕಾಳಿನ ವಿಷಯವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಹಾರವನ್ನು ಕಡಿತಗೊಳಿಸಿ ಇಳಿಸಿದ ತೂಕದಲ್ಲಿ ಎಲ್ಲವೂ ಕೊಬ್ಬಲ್ಲ. ಅನೇಕರಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಸ್ನಾಯು ಮೊದಲಾದ ಮೇದಸ್ಸಲ್ಲದ ಅಂಶವಾಗಿರುತ್ತದೆ. ಪ್ರೋಟೀನು ಸಾಲದೆ, ದುಡಿಮೆಯೂ ಇಲ್ಲದೆ ಇಳಿದರೆ ಇದು ಇನ್ನೂ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ವಯಸ್ಕರಿಗೆ ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನನ್ನು ನಿಗದಿಪಡಿಸಿತು. 55 ಕಿಲೊ ತೂಗುವ ಹೆಂಗಸಿಗೆ 46 ಗ್ರಾಂ. ಐದು ರೊಟ್ಟಿ ಉಣ್ಣುತ್ತಿದ್ದವಳಿಗೆ ಜೋಳದಿಂದಲೇ 20 ಗ್ರಾಂ ದೊರೆಯುತ್ತಿತ್ತು. ರೊಟ್ಟಿಯನ್ನು ಎರಡಕ್ಕಿಳಿಸಿ ಬೇರೇನನ್ನೂ ಸೇರಿಸದಿದ್ದರೆ ಅದು 8 ಆಯಿತು. ಇಳಿಸಿದ ರೊಟ್ಟಿಯ ಜಾಗಕ್ಕೆ ಒಂದು ದೊಡ್ಡ ಬಟ್ಟಲು ಕಾಳುಪಲ್ಯ ಬರಲೇಬೇಕು. ಐವತ್ತು ಗ್ರಾಂ ಒಣ ಹೆಸರುಕಾಳಿನಲ್ಲಿ 12 ಗ್ರಾಂ ಪ್ರೋಟೀನು ಉಂಟು. ಕಾಳು ಉಂಡ ಹೊಟ್ಟೆ ಬೇಗ ಕೂಗುವುದೂ ಇಲ್ಲ.

ಈಗ ಮಗಳ 'ಟೋನಿಂಗ್' ಎಂಬ ಮಾತಿಗೆ ಬರೋಣ. ಈ ಮಾತಿನ ಹಿಂದೆ ಒಂದು ಭ್ರಮೆಯಿದೆ. ಸಡಿಲವಾದ ಜಾಗವನ್ನೇ ಆಡಿಸಿದರೆ ಆ ಜಾಗದ ಕೊಬ್ಬೇ ಕರಗುತ್ತದೆಂಬ ಭ್ರಮೆ. 1984ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 27 ದಿನಗಳಲ್ಲಿ ಒಬ್ಬೊಬ್ಬರಿಂದಲೂ 5,004 ಬಾರಿ ಮಲಗಿ ಏಳುವ ಹೊಟ್ಟೆಯ ವ್ಯಾಯಾಮ ಮಾಡಿಸಿದರು. ಆಮೇಲೆ ಹೊಟ್ಟೆ, ಬೆನ್ನು, ಪೃಷ್ಠಗಳ ಕೊಬ್ಬಿನ ಕಣಗಳನ್ನು ತೆಗೆದು ಅಳೆದರು. ಹೊಟ್ಟೆಯದು ಹೆಚ್ಚಾಗಿ ಕುಗ್ಗಿರಲಿಲ್ಲ; ಮೂರೂ ಕಡೆ ಹೆಚ್ಚುಕಡಿಮೆ ಸಮ. ಹೊಟ್ಟೆ ಕರಗಿಸುವ ಪಟ್ಟಿ, ಬೆವರಿಳಿಸುವ ಅಂಗಿ ಇವುಗಳ ಜಾಹೀರಾತಿಗೆ ಹಣ ಕಳೆಯುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ಮೈ ಬಿಗಿಯಾಗುವುದೆಂದರೆ ಚರ್ಮದಡಿಯ ಕೊಬ್ಬು ಕಡಿಮೆಯಾಗಿ ಅದರಡಿಯ ಸ್ನಾಯು ತುಂಬಿಕೊಳ್ಳುವುದು. ಬೇರೆ ಗುಟ್ಟಿಲ್ಲ. ಬಹಳ ತೂಕ ಇಳಿಸಿದವರ ಚರ್ಮ ಪೂರ್ತಿ ಹಿಂದಕ್ಕೆ ಬಾರದಿರುವುದೂ ಉಂಟು, ಅದನ್ನು ಒಪ್ಪಿಕೊಳ್ಳಬೇಕು.

ಸ್ನಾಯುವಿನ ವಿಷಯದಲ್ಲಿ ನಾವು ಭಾರತೀಯರು ಹೆಚ್ಚು ಎಚ್ಚರವಾಗಿರಬೇಕಾಗಿದೆ. 2004ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಇಬ್ಬರು ವೈದ್ಯವಿಜ್ಞಾನಿಗಳ ಭಾವಚಿತ್ರ ಅಚ್ಚಾಗಿತ್ತು: ಪುಣೆಯ ಯಾಜ್ಞಿಕರು ಮತ್ತು ಲಂಡನ್ನಿನ ಯುಡ್ಕಿನ್ನರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಸರಿಯಾಗಿ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ನರಿಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2. ತಕ್ಕಡಿಗೆ ಒಂದೇ ಆಗಿ ಕಂಡ ಎರಡು ದೇಹಗಳು ಒಳಗೆ ಅಷ್ಟು ಬೇರೆಬೇರೆ. ತೆಳ್ಳಗೆ ಕಂಡರೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಎಂಬುದು ನಮ್ಮ ನಾಡಿನವರಲ್ಲಿ ವ್ಯಾಪಕವಾದ ಸ್ಥಿತಿ. ಸಕ್ಕರೆಕಾಯಿಲೆ ನಮಗೆ ಎಳೆಯ ವಯಸ್ಸಿನಲ್ಲಿಯೇ ಬರುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ತಕ್ಕಡಿಯ ಜೊತೆಗೆ ದರ್ಜಿಯ ಅಳತೆಪಟ್ಟಿಯೂ ಮನೆಯಲ್ಲಿರಲಿ. ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರು, ಗಂಡಸರಿಗೆ 90 ದಾಟಬಾರದೆಂಬುದು ನಮ್ಮವರಿಗೆ ಹೇಳಿದ ಮಿತಿ. ತೂಕ ನಿಂತಿದ್ದರೂ ಪಟ್ಟಿ ಒಂದೆರಡು ಸೆಂಟಿಮೀಟರು ಒಳಗೆ ಬಂದಿದ್ದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ನಡಿಗೆ ಒಳ್ಳೆಯದು, ಆದರೆ ನಡಿಗೆಯೊಂದೇ ತೋಳು ತೊಡೆಗಳನ್ನು ಕಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ: ವಾರಕ್ಕೆ 150ರಿಂದ 300 ನಿಮಿಷಗಳ ನಡಿಗೆಯಂಥ ಶ್ರಮ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸ. ಈ ಭಾರದ ಕೆಲಸ ನಮಗೆ ಹೊರಗಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಆಹಾರ ವ್ಯಾಯಾಮಗಳಿಗೆಂದೇ ಒಂದು ಭಾಗವಿದೆ. ಅದು ಬಸವಾದಿ ಶರಣರು ಬಾಳಿದ ಶತಮಾನದ್ದೇ ಗ್ರಂಥ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂಥ ಇಂದಿಗೂ ನಡೆಯುತ್ತದೆ. ಹೆಂಗಸರಿಗೆ ಗರಡಿಯಿರಲಿಲ್ಲ ಎನ್ನುವಿರಾ? ಬೀಸುವ ಕಲ್ಲು, ಕುಟ್ಟುವ ಒನಕೆ, ಸೇದುವ ಬಾವಿ, ತಲೆಯ ಮೇಲಿನ ಕೊಡ ಇವೇ ಅವರ ಗರಡಿಯಾಗಿದ್ದವು. ಗಿರಣಿ ಬಂದಿತು, ನಲ್ಲಿ ಬಂದಿತು, ಬರಲೇಬೇಕಾಗಿತ್ತು. ಆ ದಿನಗಳು ಮರಳಲೆಂದು ಹಂಬಲಿಸುವವರು ಒಂದು ವಾರ ಜೋಳ ಬೀಸಿ ನೋಡಲಿ. ಆದರೆ ಹೋದ ಭಾರದ ಬದಲಿಗೆ ಬೇರೊಂದು ಭಾರವನ್ನು ನಾವು ಕೊಡಲಿಲ್ಲ, ಉಣ್ಣುವ ಅಳತೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆವು.

ಮನೆಯಲ್ಲಿಯೇ ಮಾಡುವ ಕ್ರಮ ಸರಳವಾದುದು. ಕುರ್ಚಿಯ ಮುಂದೆ ನಿಂತು, ಕೈಯ ಆಸರೆಯಿಲ್ಲದೆ ಕುಳಿತು ಏಳುವುದು. ರೂಢಿಯಾದ ಮೇಲೆ ಕುರ್ಚಿಯಿಲ್ಲದೆ ಬಸ್ಕಿ. ಗೋಡೆಗೆ ಕೈಯೂರಿ ದಂಡ. ತಿಂಗಳ ಮೇಲೆ ಕಟ್ಟೆಗೆ ಕೈಯೂರಿ, ಬಲ ಬಂದರೆ ನೆಲಕ್ಕೆ. ಎರಡು ಚೀಲಗಳಲ್ಲಿ ಎರಡೆರಡು ಕಿಲೊ ಜೋಳ ತುಂಬಿ, ಸೊಂಟ ಬಗ್ಗಿಸಿ ಮೊಣಕೈಗಳನ್ನು ಹಿಂದಕ್ಕೆಳೆಯುವುದು. ಅದೇ ಚೀಲಗಳನ್ನು ಹಿಡಿದು ಅಂಗಳದಲ್ಲಿ ನೆಟ್ಟಗೆ ನಡೆಯುವುದು. ಒಂದೊಂದನ್ನೂ ಎಂಟರಿಂದ ಹನ್ನೆರಡು ಬಾರಿ, ನಡುವೆ ವಿಶ್ರಮಿಸಿ ಎರಡು ಮೂರು ಆವೃತ್ತಿ. ವಾರಕ್ಕೆ ಎರಡು ದಿನ, ಒಗ್ಗಿದರೆ ಮೂರು. ಹನ್ನೆರಡು ಸುಲಭವಾದಾಗ ಚೀಲಕ್ಕೆ ಅರ್ಧ ಕಿಲೊ ಸೇರಿಸಬೇಕು. ಭಾರ ಏರದಿದ್ದರೆ ಸ್ನಾಯುವಿಗೆ ಬೆಳೆಯುವ ಕಾರಣವಿಲ್ಲ. ವಾಗ್ಭಟರು ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದಿದ್ದಾರೆ. ಆರಂಭಿಸುವವರಿಗೆ ಅದು ತಕ್ಕ ಮಿತಿ. ಮೊಣಕಾಲು ನೋವಿದ್ದವರು, ರಕ್ತದೊತ್ತಡ ಹೃದ್ರೋಗಗಳಿದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ವಯಸ್ಸಾಯಿತೆಂದು ಹಿಂಜರಿಯುವವರಿಗೆ ಒಂದು ಮಾತು. ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲುಗಳಿಗೆ ಭಾರ ಕಟ್ಟಿ ವ್ಯಾಯಾಮ ಮಾಡಿಸಿದರು. 1990ರಲ್ಲಿ ಅದರ ವರದಿ ಬಂದಿತು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತ್ತು. ಅರುವತ್ತು ದಾಟಿದ ನಮ್ಮಂಥವರಿಗೆ ಇನ್ನು ನೆವ ಉಳಿಯಲಿಲ್ಲ. ಸ್ನಾಯು ಬೆಳೆದರೆ ಕುಳಿತಲ್ಲೇ ಕೊಬ್ಬು ಕರಗುತ್ತದೆಂದು ಕೆಲವರು ಉತ್ಪ್ರೇಕ್ಷೆ ಮಾಡುತ್ತಾರೆ, ಅದು ಸಲ್ಲದು. ವಿಶ್ರಾಂತಿಯಲ್ಲಿ ಒಂದು ಕಿಲೊ ಸ್ನಾಯು ದಿನಕ್ಕೆ ವ್ಯಯಿಸುವುದು ಸುಮಾರು 13 ಕ್ಯಾಲೊರಿ ಮಾತ್ರ. ಅದರ ಲಾಭ ಬೇರೆ: ಉಂಡ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಉಗ್ರಾಣ ಸ್ನಾಯುವೇ. ಮುಪ್ಪಿನಲ್ಲಿ ಬಚ್ಚಲುಮನೆಯಲ್ಲಿ ಜಾರಿದಾಗ ತಡೆದು ನಿಲ್ಲಿಸುವುದೂ ಅದೇ.

ನಿದ್ರೆಯನ್ನು ಮರೆಯಬಾರದು. 2010ರಲ್ಲಿ ಪ್ರಕಟವಾದ ಷಿಕಾಗೋದ ಅಧ್ಯಯನವೊಂದರಲ್ಲಿ ಹತ್ತು ಮಂದಿಗೆ ಒಂದೇ ಬಗೆಯ ಪಥ್ಯವಿತ್ತು, ಒಮ್ಮೆ ಎಂಟೂವರೆ ಗಂಟೆ, ಇನ್ನೊಮ್ಮೆ ಐದೂವರೆ ಗಂಟೆ ಮಲಗುವ ಅವಕಾಶ. ಎರಡು ವಾರಗಳಲ್ಲಿ ಇಳಿದ ತೂಕ ಎರಡು ಸಲವೂ ಸುಮಾರು ಮೂರು ಕಿಲೊ. ಆದರೆ ನಿದ್ರೆಯಿದ್ದಾಗ ಅದರಲ್ಲಿ ಕೊಬ್ಬು 1.4 ಕಿಲೊ, ನಿದ್ರೆಗೆಟ್ಟಾಗ 0.6. ರಾತ್ರಿ ಹನ್ನೊಂದರವರೆಗೆ ಧಾರಾವಾಹಿ, ಬೆಳಗಿನ ನಾಲ್ಕೂವರೆಗೆ ಅಂಗಳ ಸಾರಿಸುವುದು ಎಂಬ ದಿನಚರಿಯ ಮನೆಗಳು ಇದನ್ನು ಗಮನಿಸಬೇಕು.

ನಾಲ್ಕು ವಾರಕ್ಕಿಂತ ಕಡಿಮೆ ನಿಂತ ತೂಕವನ್ನು ನಿಂತಿತೆನ್ನಬಾರದು. ಉಪ್ಪಿನಕಾಯಿ ಹಪ್ಪಳಗಳ ಉಪ್ಪು, ಮುಟ್ಟಿನ ದಿನಗಳು, ಮಲಬದ್ಧತೆ ಇವುಗಳಿಂದಲೇ ಒಂದೆರಡು ಕಿಲೊ ಏರಿಳಿಯುತ್ತದೆ. ನಿಜವಾಗಿ ನಿಂತಿದ್ದರೆ, ಮತ್ತೆ ಇಳಿಸಹೊರಡುವ ಮೊದಲು ಎರಡು ವಾರ ಅದೇ ತೂಕವನ್ನು ನೆಮ್ಮದಿಯಿಂದ ಕಾಯ್ದುಕೊಳ್ಳುವುದೂ ಒಂದು ದಾರಿ. ಆಸ್ಟ್ರೇಲಿಯದ 51 ಸ್ಥೂಲ ಪುರುಷರಲ್ಲಿ ಎರಡು ವಾರ ಪಥ್ಯ, ಎರಡು ವಾರ ಬಿಡುವು ಎಂಬ ಕ್ರಮ ಎಡೆಬಿಡದ ಪಥ್ಯಕ್ಕಿಂತ ಹೆಚ್ಚು ಫಲ ಕೊಟ್ಟಿತೆಂದು 2017ರಲ್ಲಿ ವರದಿಯಾಯಿತು. ಅನಂತರದ ಅಧ್ಯಯನಗಳಲ್ಲಿ ಅಷ್ಟು ಅಂತರ ಕಾಣಲಿಲ್ಲ. ಆದರೆ ಬಿಡುವಿನಿಂದ ಕೆಟ್ಟದಾಗಲಿಲ್ಲ ಎಂಬುದೇ ದಣಿದವರಿಗೆ ಸಮಾಧಾನ. ಕೆಲವರಿಗೆ ಥೈರಾಯ್ಡಿನ ದೋಷವೋ, ಸೇವಿಸುತ್ತಿರುವ ಔಷಧವೋ ಅಡ್ಡಿಯಾಗಿರಬಹುದು. ಮೂರು ತಿಂಗಳಾದರೂ ಕಾರಣ ತಿಳಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. 2025ರಿಂದ ನಮ್ಮ ದೇಶದಲ್ಲಿಯೂ ಮಾರಾಟಕ್ಕೆ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆ ಕೆಲವರು ಕೇಳಿದ್ದಾರೆ. ಅವು ಹಸಿವನ್ನೇ ತಗ್ಗಿಸುವುದರಿಂದ ಫಲಕಾರಿ. ಆದರೆ ಅವುಗಳಲ್ಲಿಯೂ ಒಂದು ವರ್ಷದ ಸುಮಾರಿಗೆ ಮುಳ್ಳು ನಿಲ್ಲುತ್ತದೆ, ಸ್ನಾಯುವೂ ಇಳಿಯುತ್ತದೆ, ಬಿಟ್ಟರೆ ತೂಕ ಮರಳುತ್ತದೆ. ತಜ್ಞರ ಕಣ್ಗಾವಲಿಲ್ಲದೆ ನೆರೆಮನೆಯವರು ತೆಗೆದುಕೊಂಡರೆಂದು ತೆಗೆದುಕೊಳ್ಳುವ ವಸ್ತು ಅದಲ್ಲ.

ಉಳಿದದ್ದು ಉಪವಾಸ. ಶಿವರಾತ್ರಿಯ ಉಪವಾಸವನ್ನಾಗಲಿ ಶ್ರಾವಣದ ಸೋಮವಾರದ ಒಪ್ಪೊತ್ತನ್ನಾಗಲಿ ಬಿಡಿರೆಂದು ನಾವು ಹೇಳುವುದಿಲ್ಲ. ಶಿವನ ಸನ್ನಿಧಿಯಲ್ಲಿರುವುದಕ್ಕಾಗಿ ಮಾಡುವ ಉಪವಾಸ ಬೇರೆ, ತಕ್ಕಡಿಗಾಗಿ ಮಾಡುವುದು ಬೇರೆ. ಎರಡನೆಯದಕ್ಕೆ ಮೊದಲನೆಯದರ ಹೆಸರಿಡಬೇಡಿ. ಸಕ್ಕರೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಶಿವರಾತ್ರಿಯಂದು ಕೂಡ ವೈದ್ಯರನ್ನು ಕೇಳಿ ಔಷಧದ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು; ಮೈ ನಡುಗಿ ಬೆವರಿದರೆ ಆ ಕ್ಷಣವೇ ಬೆಲ್ಲದ ನೀರು ಕುಡಿಯಬೇಕು, ಅದರಿಂದ ವ್ರತಭಂಗವಾಗದು. ಪತ್ರ ಬರೆದ ತಾಯಿ ರಾತ್ರಿ ಒಂದು ರೊಟ್ಟಿ, ಬಟ್ಟಲು ತುಂಬ ಕಾಳುಪಲ್ಯ, ಲೋಟ ಮಜ್ಜಿಗೆ ಸೇವಿಸಲಿ. ಎಲ್ಲರೊಂದಿಗೆ ಕುಳಿತು, ಬಿಸಿಯಾಗಿರುವಾಗಲೇ.